ಬೊಂಬಾಯಿ ಗಂಡಿಗೆ ಕೋಬೆಯ ವಾಚು

"ಓಹೋ... ಆ ಹರಿಣಾಕ್ಷಿ ನೀವೇನಾ?"

ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಿದ್ದ ಹರಿಣಾಕ್ಷಿ ತಿರುಗಿ ನೋಡಿದಳು. ಉದ್ದಕ್ಕೆ, ತೆಳ್ಳಗೆ ಒಬ್ಬ ಮನುಷ್ಯ. ಅಂಗಿಯ ಜೇಬಿನಲ್ಲಿ ನಾಲ್ಕು ಪೆನ್ನು, ಕೈಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸು.

"'ಆ' ಹರಿಣಾಕ್ಷಿ ಅಂದರೆ ಎಂತ?"

"ಎರಡು ವರ್ಷದಿಂದ ನನ್ನ ತಲೆ ತಿನ್ನುವ ಹರಿಣಾಕ್ಷಿ ಅಂತ. ನಾನು ಬೋಜ. ಸೊಹಾರ್."

ಇವನಾ...! ಇವನನ್ನು ಅವಳು ಐವತ್ತು ದಾಟಿದ, ಹೊಟ್ಟೆ ಬಂದ, ಸದಾ ಸಿಡುಕುವ ಮನುಷ್ಯನೆಂದುಕೊಂಡಿದ್ದಳು. ಇವನಿಗೆ ಮೂವತ್ತೂ ಆದಂತಿಲ್ಲ. ಮೇಲಿಂದ ನಗುತ್ತಿದ್ದಾನೆ ಬೇರೆ.

ಕಾರು ಮಾರುವ ಕಂಪನಿಯೊಂದರ ಮಸ್ಕತ್ ಹೆಡ್ ಆಫೀಸಿನಲ್ಲಿ ಹರಿಣಾಕ್ಷಿ ಸಂದೇಶ ಟೈಪು ಮಾಡಿ ಕಳಿಸುವ ಟೆಲೆಕ್ಸ್ ಯಂತ್ರದ ಮುಂದೆ ಕೂರುವವಳು. ಅದೇ ಕಂಪನಿಯ ಸೊಹಾರ್ ಶಾಖೆಯಲ್ಲಿ ಸ್ಪೇರ್ ಪಾರ್ಟ್ಸ್ ಸ್ಟೋರು ಬೋಜನದು. ಅವನು ಕೇಳಿದ್ದನ್ನು ಇವಳು ಜಪಾನಿನಿಂದ ತರಿಸಿ ಕೊಡಬೇಕು. ತಡವಾದರೆ ಅವನು ಟೆಲೆಕ್ಸಿನಲ್ಲಿ ಗುದ್ದುತ್ತಿದ್ದ, ಇವಳು ಟೆಲೆಕ್ಸಿನಲ್ಲೇ ಒದೆಯುತ್ತಿದ್ದಳು. "ಏಳು ಐಟಂ ಪೆಂಡಿಂಗ್" ಎನ್ನುವುದು ಅವನ ನಿತ್ಯದ ಮಂತ್ರ. ಪೆಂಡಿಂಗ್ ಎಂಬುದನ್ನು ಕಂಡರೆ ಆ ಮನುಷ್ಯನಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಮ್ಮೆ ಅವಳು ಜ್ವರದಿಂದ ನಾಲ್ಕು ದಿನ ರಜೆ ಹಾಕಿದ್ದಳು. ಬದಲಿಗೆ ಕೂತ ಟೈಪಿಸ್ಟಿಗೆ ಸೊಹಾರಿನಿಂದ ಒಂದು ಸಾಲು ಬಂದಿತ್ತು. ಜಗಳ ಮಾಡುವವರು ಎಲ್ಲಿ, ಆರೋಗ್ಯವೇ ಎಂದು. ಆ ಕಾಗದದ ತುಂಡನ್ನು ಹರಿಣಾಕ್ಷಿ ಬಿಸಾಡದೆ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಳು.

ಅದು ಎಂಬತ್ತೊಂಬತ್ತರ ಜೂನ್ ತಿಂಗಳು. ಜಪಾನಿನವರು ಪಾರ್ಟ್ಸ್ ಆರ್ಡರಿಗೆ ಹೊಸ ಕಂಪ್ಯೂಟರ್ ಪದ್ಧತಿ ತಂದಿದ್ದರು. ಅದನ್ನು ಕೋಬೆ ನಗರಕ್ಕೆ ಹೋಗಿ ಹತ್ತು ದಿನ ಕಲಿತು ಬರಬೇಕಿತ್ತು. ಹೆಡ್ ಆಫೀಸಿನಿಂದ ಹರಿಣಾಕ್ಷಿ, ಸೊಹಾರಿನಿಂದ ಬೋಜ. ಜೊತೆಗೆ ಮ್ಯಾನೇಜರ್ ಲಿಗೋರಿ ಮತ್ತು ಅವರ ಹೆಂಡತಿ ಇಸಾಬೆಲ್ಲಾ ಬಾಯಿ. ಬಾಯಿ ಬರುತ್ತಾರೆಂದೇ ಹರಿಣಾಕ್ಷಿಯ ಅಕ್ಕ ದಮಯಂತಿ ಒಪ್ಪಿಗೆ ಕೊಟ್ಟದ್ದು.

ಸೀಬಿನಲ್ಲಿ ಇಬ್ಬರ ಪರಿಚಯವಾಗಿ ಐದು ನಿಮಿಷ ಕಳೆದಿರಲಿಲ್ಲ, ಕಾರು ನಿಲ್ಲಿಸಲು ಹೋಗಿದ್ದ ಹರಿಣಾಕ್ಷಿಯ ಭಾವ ದೇಜಪ್ಪ ಬಂದರು. ಬೋಜ ತಮ್ಮ ಊರಿನ ಕಡೆಯ ಕಟಪಾಡಿಯವನೆಂದು ತಿಳಿದದ್ದೇ ತಡ, ಅವನ ಹೆಗಲಿಗೆ ಕೈ ಹಾಕಿದರು.

"ಒಳ್ಳೆಯದಾಯ್ತು ಮಾರಾಯ. ಇವಳಿಗೆ ಬೊಂಬಾಯಿಯಲ್ಲಿ ಗಂಡು ನೋಡಿದ್ದೇವೆ. ಗಂಡಿಗೆ ಒಂದು ವಾಚು ಆಗಬೇಕು. ಅವನ ಕೈಯ ಅಳತೆ ಗೊತ್ತಿಲ್ಲ, ಫೋಟೋದಲ್ಲಿ ಕೈ ಹಿಂದೆ ಕಟ್ಟಿಕೊಂಡಿದ್ದಾನೆ. ನಿನ್ನ ಕೈಗೆ ಇಟ್ಟು ನೋಡಿ ತೆಗೆಸಿಕೊಡು. ಮರೆಯಬೇಡ."

ಬೋಜನ ನಗು ಎಲ್ಲಿಗೋ ಹೋಯಿತು. ಆಗಲಿ ದೇಜಪ್ಪಣ್ಣ, ಪೆಂಡಿಂಗ್ ಇಡುವುದಿಲ್ಲ ಎಂದ.

ಆ ವಾಚಿನ ಕಥೆ ಹೀಗೆ. ಗಂಡು ಬೊಂಬಾಯಿಯ ಅಂಧೇರಿಯಲ್ಲಿ ಬ್ಯಾಂಕ್ ಆಫೀಸರ್. ಕುಡಿಯುವುದಿಲ್ಲ, ಸೇದುವುದಿಲ್ಲ, ಸ್ವಂತ ಫ್ಲ್ಯಾಟು. ಬೇಡವೆನ್ನಲು ಒಂದೇ ಒಂದು ಕಾರಣ ಸಿಗದೆ ಹರಿಣಾಕ್ಷಿ ಎರಡು ತಿಂಗಳಿನಿಂದ ಹೂಂ ಎಂದೂ ಅನ್ನದೆ, ಊಹೂಂ ಎಂದೂ ಅನ್ನದೆ ದಿನ ದೂಡಿದ್ದಳು. ತಾಯಿ ತೀರಿಕೊಂಡ ಮೇಲೆ ಅವಳಿಗೆ ಜಡೆ ಹಾಕಿ, ಕಾಲೇಜು ಓದಿಸಿ, ಮಸ್ಕತ್ತಿಗೆ ಕರೆಸಿ ಕೆಲಸ ಕೊಡಿಸಿದವಳು ಅಕ್ಕ. ಅಕ್ಕನಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಕೊನೆಗೆ ದಮಯಂತಿಯೇ ದಾರಿ ಮಾಡಿದ್ದಳು. ಗಲ್ಫಿನಲ್ಲಿರುವ ಹೆಣ್ಣಿನ ಕಡೆಯವರು ಗಂಡಿಗೆ ಫಾರಿನ್ ವಾಚು ಕೊಂಡರೆಂದರೆ ಊರಿನವರ ಲೆಕ್ಕದಲ್ಲಿ ಮಾತು ಗಟ್ಟಿಯಾದ ಹಾಗೆ. "ಇಲ್ಲಿ ಮತ್ರಾ ಪೇಟೆಯಲ್ಲಿ ಕೊಂಡ ಜಪಾನ್ ವಾಚು ಎಲ್ಲರ ಕೈಯಲ್ಲೂ ಉಂಟು. ಜಪಾನಿನಲ್ಲೇ ಕೊಂಡ ಜಪಾನ್ ವಾಚು ಯಾರ ಕೈಯಲ್ಲಿ ಉಂಟು ಹೇಳು? ನೀನು ಬಾಯಿ ಬಿಟ್ಟು ಎಂತದೂ ಹೇಳುವುದು ಬೇಡ ಹರಿಣಿ. ವಾಚು ತಾ. ನೀನು ಬಂದ ದಿನವೇ ನಾನು ಬೊಂಬಾಯಿಗೆ ಫೋನ್ ಮಾಡ್ತೇನೆ," ಎಂದಿದ್ದಳು.

ತಾರದಿದ್ದರೆ ಏನೆಂದು ಅಕ್ಕ ಹೇಳಿರಲಿಲ್ಲ. ತಾರದೆ ಇರಬಹುದೆಂದು ಅಕ್ಕನಿಗೆ ತೋಚಿರಲೂ ಇಲ್ಲ.

ಕೋಬೆಯಲ್ಲಿ ಒಂಬತ್ತು ದಿನ ಒಂಬತ್ತು ನಿಮಿಷದ ಹಾಗೆ ಕಳೆದವು. ಹರಿಣಾಕ್ಷಿ ಟೆಲೆಕ್ಸಿನಲ್ಲಿ ಕಂಡಿದ್ದ ಬೋಜನೇ ಬೇರೆ, ಇಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವನೇ ಬೇರೆ. ಇವನಿಗೆ ಆರು ಸಾವಿರ ಪಾರ್ಟ್ ನಂಬರು ಬಾಯಿಪಾಠ, ಆದರೆ ಹೋಟೆಲಿನ ತನ್ನ ಕೋಣೆಯ ನಂಬರು ದಿನವೂ ಮರೆತುಹೋಗುತ್ತಿತ್ತು. ಇಸಾಬೆಲ್ಲಾ ಬಾಯಿಯ ಚೀಲವನ್ನು ಕೇಳದೆಯೇ ಹೊರುತ್ತಿದ್ದ. ಹರಿಣಾಕ್ಷಿ ಕಂಪ್ಯೂಟರಿನಲ್ಲಿ ತಪ್ಪು ಒತ್ತಿ ಮಸ್ಕತ್ತಿಗೆ ನಾನೂರು ಬಂಪರ್ ಆರ್ಡರ್ ಮಾಡಿದಾಗ, ಕಲಿಸುವವರ ಮುಂದೆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡ.

ಊರಿನ ಕಡೆಯ ಗಂಡಸರನ್ನೆಲ್ಲ ಬಾಯಿ ತುಂಬ ಅಣ್ಣ ಎಂದು ಕರೆಯುವ ಹರಿಣಾಕ್ಷಿ, ಇವನನ್ನು ಮಾತ್ರ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಇಸಾಬೆಲ್ಲಾ ಬಾಯಿ ಅದನ್ನು ಎರಡನೇ ದಿನವೇ ಗಮನಿಸಿದ್ದರು.

ಕೊನೆಯ ದಿನ ಭಾನುವಾರ. ಜಪಾನಿನವರಿಗೆ ರಜೆ. ಊರು ನೋಡುವುದು, ಸಾಮಾನು ಕೊಳ್ಳುವುದು ಎಂದು ಗೊತ್ತಾಗಿತ್ತು. ಬೆಳಿಗ್ಗೆ ನೋಡಿದರೆ ಆಕಾಶ ಹರಿದ ಹಾಗೆ ಮಳೆ!

ಇಸಾಬೆಲ್ಲಾ ಬಾಯಿಗೆ ಕಾಲು ಊದಿಕೊಂಡಿತಂತೆ, ಅವರಿಂದಾಗದಂತೆ. ಹೆಂಡತಿಯನ್ನು ಬಿಟ್ಟು ಲಿಗೋರಿಯವರಿಗೂ ಆಗದಂತೆ. ನೀವಿಬ್ಬರೇ ಹೋಗಿ ಸಂಜೆಯೊಳಗೆ ಬನ್ನಿ ಎಂದರು. ಅದೇ ಊದಿದ ಕಾಲಿನಲ್ಲಿ ಬಾಯಿ ತಿಂಡಿಯ ಮೇಜಿಗೆ ಮೂರು ಸಲ ಹೋಗಿ ಬಂದದ್ದನ್ನು ಕಂಡವರು ಕಂಡರು.

ಹೊರಗೆ ಕಾಲಿಟ್ಟ ಹರಿಣಾಕ್ಷಿ ಕೊಡೆ ಬಿಡಿಸಲೇ ಇಲ್ಲ. ಮಸ್ಕತ್ತಿನಲ್ಲಿ ಏಳು ವರ್ಷ. ಅಲ್ಲಿ ವರ್ಷಕ್ಕೊಮ್ಮೆ ನಾಲ್ಕು ಹನಿ ಬಿದ್ದರೆ ಅವಳ ಬಡಾವಣೆ ಅಲ್ ಗುಬ್ರಾದ ಜನರೆಲ್ಲ ಕಾರು ಹತ್ತಿ ವಾದಿ ಎಂಬ ಒಣ ಹಳ್ಳದಲ್ಲಿ ನೀರು ಹರಿಯುವುದನ್ನು ನೋಡಲು ಹೊರಡುತ್ತಾರೆ. ಇಲ್ಲಿ ಜೂನ್ ತಿಂಗಳ ಮಳೆ, ಜೂನ್ ತಿಂಗಳಲ್ಲಿಯೇ, ಸುರಿಯಬೇಕಾದ ಹಾಗೆಯೇ ಸುರಿಯುತ್ತಿದೆ... ಊರಿನ ಮಳೆಯೇ ಎಂಬಂತೆ ಅವಳು ಮುಖ ಮೇಲೆತ್ತಿ ನಿಂತಳು. ಹಾದಿಯಲ್ಲಿ ಹೋಗುವ ಜಪಾನಿ ಹೆಂಗಸೊಬ್ಬಳು ಗಾಬರಿಯಾಗಿ ತನ್ನ ಕೊಡೆಯನ್ನು ಇವಳ ತಲೆಯ ಮೇಲೆ ಹಿಡಿದಳು.

ಬೋಜ ತನ್ನ ಕೊಡೆಗೆ ಸ್ಟೋರಿನ ಚೀಟಿ ಕಟ್ಟಿ, ಅದರಲ್ಲಿ ಹೆಸರು, ಊರು, ತಾರೀಕು ಎಲ್ಲ ಬರೆದಿದ್ದ. ಇಲ್ಲಿ ಎಲ್ಲರ ಕೊಡೆಯೂ ಒಂದೇ ಥರ, ಬದಲಾದರೆ ಕಷ್ಟ ಎಂದು ವಿವರಣೆ ಕೊಟ್ಟ. ಅವನ ಜೇಬಿನ ಪುಸ್ತಕದಲ್ಲಿ ಆ ದಿನ ಮಾಡಬೇಕಾದ ಕೆಲಸಗಳ ಪಟ್ಟಿಯೂ ಇತ್ತು. ಒಂದು, ಬಂದರಿನ ಗೋಪುರ. ಎರಡು, ಬೆಟ್ಟದ ರೋಪ್‌ವೇ. ಮೂರು, ವಾಚು.

ಗೋಪುರದ ಮೇಲೆ ಹತ್ತಿ ನೋಡಿದರೆ ಬೆಳ್ಳಗೆ. ನಾಲ್ಕೂ ದಿಕ್ಕಿಗೆ ಬೆಳ್ಳಗೆ. ಸಮುದ್ರವೂ ಇಲ್ಲ, ಊರೂ ಇಲ್ಲ. ಗಾಜಿನ ಕೆಳಗೆ ಯಾವ ಕಡೆ ಏನು ಕಾಣುತ್ತದೆಂಬ ಚಿತ್ರವಿತ್ತು. ಬೋಜ ಅದನ್ನು ಪೂರ್ತಿ ಓದಿ, "ಇಲ್ಲಿ ಬೆಟ್ಟ ಉಂಟಂತೆ, ಇಲ್ಲಿ ಹಡಗು ಉಂಟಂತೆ. ಆಯ್ತು, ನೋಡಿದ ಹಾಗೆ," ಎಂದು ಪುಸ್ತಕದಲ್ಲಿ ಟಿಕ್ ಹಾಕಿದ. ಹರಿಣಾಕ್ಷಿ ನಕ್ಕು ನಕ್ಕು ಗಾಜಿಗೆ ಒರಗಿದಳು.

ರೋಪ್‌ವೇ ಮಳೆಗೆ ಬಂದ್. ಅದಕ್ಕೂ ಟಿಕ್ ಬಿತ್ತು.

"ಇನ್ನು ವಾಚು," ಎಂದ ಬೋಜ.

ಅವಳ ನಗು ಅಲ್ಲಿಗೇ ನಿಂತಿತು. 'ಇಷ್ಟು ಚಂದದ ದಿನದಲ್ಲಿ ಇವನಿಗೆ ಅದು ನೆನಪಾಗಬೇಕಾ...'

ಮಾಡು ಹೊದಿಸಿದ ಉದ್ದನೆಯ ಬಜಾರಿನಲ್ಲಿ ಸುತ್ತಾಟ ಶುರುವಾಯಿತು. ಮೊದಲ ಅಂಗಡಿಯ ವಾಚುಗಳು ತೀರಾ ದೊಡ್ಡವೆಂದಳು. ಎರಡನೆಯದರಲ್ಲಿ ತೀರಾ ಚಿಕ್ಕವು. ಮೂರನೆಯದರಲ್ಲಿ ಎಲ್ಲ ಸರಿಯಿತ್ತು. ಮುಳ್ಳಿನ ಬಣ್ಣ ತನಗೆ ಹಿಡಿಸಲಿಲ್ಲವೆಂದಳು.

ಬೋಜ ಸೋಲಲಿಲ್ಲ. ಒಂದೊಂದು ಅಂಗಡಿಯಲ್ಲೂ ತೋಳು ಮಡಚಿ ಮಣಿಕಟ್ಟು ಚಾಚುತ್ತಿದ್ದ. ಡಯಲನ್ನು ಬೆಳಕಿಗೆ ಹಿಡಿಯುತ್ತಿದ್ದ, ಕಿವಿಗೆ ಹಿಡಿಯುತ್ತಿದ್ದ. ಮೂರನೆಯ ಅಂಗಡಿಯಿಂದ ಹೊರಬಿದ್ದ ಮೇಲೆ ಬಲು ನಿಧಾನವಾಗಿ ಹೇಳಿದ. "ಅವರಿಗೆ ಕೊಡುವುದು ಚೆನ್ನಾಗಿಯೇ ಇರಬೇಕು ಅಂತ ನಿಮಗೆ ಆಸೆ ಇರ್ತದೆ. ನನಗೆ ಅರ್ಥ ಆಗ್ತದೆ. ಇನ್ನೂ ಎಂಟು ಅಂಗಡಿ ಉಂಟು, ನೋಡುವ."

'ಏನೂ ಅರ್ಥ ಆಗುವುದಿಲ್ಲ ನಿನಗೆ! ನನ್ನನ್ನು ಮದುವೆ ಮಾಡಿ ಸಾಗಿಸಲು ನನ್ನ ಭಾವನಿಗಿಂತ ನಿನಗೇ ಅವಸರ...' ಹರಿಣಾಕ್ಷಿಗೆ ಕೋಪವೂ ಬಂತು, ಅಳುವೂ ಬಂತು. ಹೊರಗೆ ಹೇಳಿದ್ದು ಇಷ್ಟೇ, ಹಸಿವಾಗುತ್ತಿದೆ ಎಂದು.

ಮೂಲೆಯಲ್ಲೊಂದು ಪುಟ್ಟ ಊಟದಂಗಡಿ. ಸುಟ್ಟ ಮೀನು, ಅನ್ನ, ಸಪ್ಪೆ ಸಾರು. ಖಾರವೆಂಬುದರ ಸುಳಿವಿಲ್ಲ. ಬೋಜ ಆಚೀಚೆ ನೋಡಿ ಚೀಲದಿಂದ ಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದ. ಮುಚ್ಚಳ ತೆರೆದದ್ದೇ, ಅಕ್ಕಪಕ್ಕದ ಮೂರು ಮೇಜಿನವರು ಊಟ ನಿಲ್ಲಿಸಿದರು. ಅಂಗಡಿಯ ಮುದುಕಿ ಬಂದು ಮೂಸಿ, ಒಂದು ಮಿಡಿ ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಓಡಿದಳು. ಸ್ವಲ್ಪ ಹೊತ್ತಿನಲ್ಲಿ ಖಾಲಿ ಬಟ್ಟಲು ಹಿಡಿದು ಮತ್ತೆ ಬಂದಳು, ಇನ್ನೂ ಬೇಕೆಂದು!

ಆ ನಗುವಿನ ನಡುವೆ ಹರಿಣಾಕ್ಷಿ ಧೈರ್ಯ ಮಾಡಿದಳು. ನಿಮ್ಮ ಮನೆಯಲ್ಲಿ ಹೆಣ್ಣು ನೋಡುವುದಿಲ್ಲವೇ ಎಂದು ಕೇಳಿದಳು, ಮೀನಿನ ಮುಳ್ಳು ಬಿಡಿಸುತ್ತ, ಏನೋ ಮಾತಿಗೆ ಕೇಳಿದವಳ ಹಾಗೆ.

ಬೋಜ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿದ. "ಅಮ್ಮನಿಗೆ ಹೇಳಿದ್ದೆ, ನನ್ನ ಮನಸ್ಸಿನಲ್ಲಿ ಒಬ್ಬರು ಇದ್ದಾರೆ ಅಂತ. ಆದರೆ ನಾನು ತಡ ಮಾಡಿದೆ."

ಅವಳ ಬೆರಳಿಗೆ ಮುಳ್ಳು ಚುಚ್ಚಿತು.

'ಒಬ್ಬರು ಇದ್ದಾರೆ... ಕಟಪಾಡಿಯಲ್ಲೋ ಉಡುಪಿಯಲ್ಲೋ ಇರಬೇಕು. ಇನ್ನೊಬ್ಬರ ಪಾಲಾದರೂ ಇವನು ಅವಳನ್ನೇ ನೆನೆಸಿಕೊಂಡು ಕೂತಿದ್ದಾನೆ. ಇಂಥವನಿಗಾಗಿ ನಾನು ಮೂರು ಅಂಗಡಿಯ ವಾಚುಗಳಿಗೆ ಇಲ್ಲದ ಹೆಸರಿಟ್ಟೆನಲ್ಲ!'

ಹರಿಣಾಕ್ಷಿ ಎದ್ದು ನಿಂತಳು. ನಡೆಯಿರಿ, ವಾಚು ತೆಗೆಯುವ ಎಂದಳು.

ನಾಲ್ಕನೆಯ ಅಂಗಡಿಗೆ ನುಗ್ಗಿದವಳು ಕಪಾಟಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಸ್ಟೀಲ್ ಚೈನಿನ ವಾಚಿನತ್ತ ಬೆರಳು ತೋರಿಸಿದಳು. ಬೋಜ ಅವಸರದಿಂದ ಹಿಂದೆ ಬಂದು, ಮುಳ್ಳಿನ ಬಣ್ಣ ನೋಡಿದಿರಾ ಎಂದ. ನೋಡಿದೆ, ಚೆನ್ನಾಗಿದೆ ಎಂದಳು. ಹಣ ಕೊಟ್ಟಳು. ಅಲ್ಲಿಗೆ ಮುಗಿಯಿತು, ಖಲಾಸ್. ನಾಡಿದ್ದು ಅಕ್ಕ ಬೊಂಬಾಯಿಗೆ ಫೋನ್ ಮಾಡುತ್ತಾಳೆ.

ಬಾಗಿಲ ಬಳಿ ಹೋಗಿ ಮಳೆಗೆ ಮುಖ ಮಾಡಿ ನಿಂತಳು. ಕಣ್ಣು ತುಂಬಿದ್ದನ್ನು ಅವನು ನೋಡಬಾರದಿತ್ತು.

ಒಳಗೆ ಅಂಗಡಿಯ ಅಜ್ಜ ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಬೋಜನ ಮಣಿಕಟ್ಟನ್ನು ಹಿಡಿದುಕೊಂಡಿದ್ದ. ಅಳತೆ ನೋಡುತ್ತಿದ್ದಾನೆಂದು ಬೋಜ ಸುಮ್ಮನೆ ಕೈ ಕೊಟ್ಟು ಕೂತ. ಅಜ್ಜ ವಾಚು ತೆಗೆದುಕೊಂಡು ಮೇಜಿನ ಮೇಲೆ ಬಾಗಿ ಟಕ್ ಟಕ್ಕೆಂದು ಏನೋ ಮಾಡಿದ. ಮತ್ತೆ ತಂದು ಕೈಗೆ ತೊಡಿಸಿ ಕೊಂಡಿ ಹಾಕಿದ. ವಾಚು ಹುಟ್ಟಿದಂದಿನಿಂದ ಅಲ್ಲೇ ಇದ್ದ ಹಾಗೆ ಕೂತಿತು.

"ಅಯ್ಯಯ್ಯೋ!" ಎಂಬ ಕೂಗಿಗೆ ಹರಿಣಾಕ್ಷಿ ತಿರುಗಿದಳು.

ಚೈನಿನ ನಾಲ್ಕು ತುಂಡು ಕಾಗದದ ಮೇಲೆ ಬಿದ್ದಿದ್ದವು. ವಾಚು ಇವನಿಗೇ ಎಂದುಕೊಂಡು ಅಜ್ಜ ಚೈನನ್ನು ಬಿಚ್ಚಿ ಬೋಜನ ಅಳತೆಗೆ ಚಿಕ್ಕದು ಮಾಡಿಬಿಟ್ಟಿದ್ದ. ಬೋಜ ಅಡ್ಡಡ್ಡ ಕೈಯಾಡಿಸಿದ. ಇದು ನನಗಲ್ಲ, ಬೇರೆಯವರಿಗೆ ಎಂದು ಕನ್ನಡದಲ್ಲಿ ಹೇಳಿದ, ಇಂಗ್ಲಿಷಿನಲ್ಲಿ ಹೇಳಿದ, ತಲೆ ಕೆಟ್ಟು ಅರಬಿಯಲ್ಲೂ ಹೇಳಿದ. ಅಜ್ಜ ಪ್ರತಿ ಸಲವೂ ಬಾಗಿ ನಮಸ್ಕರಿಸಿದ. ಕೊನೆಗೆ ಬೋಜ ಎದ್ದು ನಿಂತು, ಕೆನ್ನೆ ಉಬ್ಬಿಸಿ, ಹೊಟ್ಟೆಯ ಮುಂದೆ ಕೈ ವೃತ್ತ ಮಾಡಿ, ತಾನು ಕಂಡೇ ಇಲ್ಲದ ಬ್ಯಾಂಕ್ ಆಫೀಸರನ್ನು ದಪ್ಪ ಮಣಿಕಟ್ಟಿನವನೆಂದು ಊಹಿಸಿ ನಟಿಸಿ ತೋರಿಸಿದ. ಅಜ್ಜ ಅದನ್ನು ನೋಡಿ, ಮೆಲ್ಲನೆ ತನ್ನ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡ.

ಹರಿಣಾಕ್ಷಿಗೆ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ಕಣ್ಣೀರು ಇಳಿಯಿತು, ಅದನ್ನೂ ತಡೆಯಲಾಗಲಿಲ್ಲ.

ಬೋಜ ಕಂಗಾಲಾದ. "ಅಳಬೇಡಿ ಮಾರಾಯ್ರೆ, ತುಂಡು ಎಲ್ಲ ಇಲ್ಲೇ ಉಂಟು. ಹಾಕಿಸಿ ಕೊಡ್ತೇನೆ. ಅವರ ಕೈಗೆ ಸರಿಯಾಗ್ತದೆ."

"ನೀವು ತಡ ಮಾಡಿ ಕಳೆದುಕೊಂಡವರು ಯಾರು?" ಎಂದಳು ಹರಿಣಾಕ್ಷಿ.

"ಯಾರು?"

"ನಿಮ್ಮ ಮನಸ್ಸಿನಲ್ಲಿ ಇದ್ದವರು. ಹೇಳಿ."

ಬೋಜ ನೆಲ ನೋಡಿದ. ಮಳೆ ನೋಡಿದ. ಕೊನೆಗೆ ವಾಚು ನೋಡಿಕೊಂಡು ಹೇಳಿದ.

"ಮಸ್ಕತ್ತಿನಲ್ಲಿ ಟೆಲೆಕ್ಸ್ ಮುಂದೆ ಕೂರುವವರು. ಅವರಿಗೆ ಜ್ವರ ಬಂದಾಗ ನಾಲ್ಕು ದಿನ ನನಗೆ ಸ್ಟೋರಿನಲ್ಲಿ ಕೂರಲು ಆಗಲಿಲ್ಲ. ಆಗಲೇ ಗೊತ್ತಾದದ್ದು. ಜಪಾನಿಗೆ ಹೋಗುವವರ ಹೆಸರಿನಲ್ಲಿ ಅವರ ಹೆಸರು ನೋಡಿ, ಕೇಳಿ ಬಿಡುವ ಅಂತಲೇ ಬಂದೆ. ಸೀಬಿನಲ್ಲಿ ಮುಖ ನೋಡಿದೆ. ಐದು ನಿಮಿಷ ಆಗಲಿಲ್ಲ, ನಿಮ್ಮ ಭಾವ ಬಂದು ಗಂಡಿಗೆ ವಾಚು ಅಂದರು."

ಹರಿಣಾಕ್ಷಿ ಬಾಗಿಲು ಬಿಟ್ಟು ಅವನ ಮುಂದೆ ಬಂದು ನಿಂತಳು.

"ಮತ್ತೆ ಯಾಕೆ ಬೆಳಗ್ಗಿನಿಂದ ನನ್ನನ್ನು ಅಂಗಡಿ ಅಂಗಡಿ ತಿರುಗಿಸಿದಿರಿ?"

"ಮಾತು ಕೊಟ್ಟಿದ್ದೆನಲ್ಲ." ಅವನ ದನಿ ಇನ್ನೂ ಇಳಿಯಿತು. "ಮತ್ತೆ... ವಾಚು ಸಿಗುವವರೆಗೆ ನಿಮ್ಮ ಜೊತೆ ತಿರುಗಬಹುದಲ್ಲ ಅಂತ."

"ನಾನು ವಾಚು ಬೇಡ ಬೇಡ ಅಂದದ್ದು ಯಾಕಂತ ಗೊತ್ತುಂಟಾ? ಅದನ್ನು ಕೊಂಡರೆ ಬೊಂಬಾಯಿಗೆ ಹೋಗಬೇಕು. ನನಗೆ ಬೊಂಬಾಯಿ ಬೇಡ. ನನಗೆ ಸೊಹಾರ್ ಸಾಕು."

ಸೊಹಾರಿನಲ್ಲಿ ಎಂತದೂ ಇಲ್ಲವೆಂದು ಬೋಜ ತೊದಲಿದ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ಅಜ್ಜ ಅಷ್ಟರಲ್ಲಿ ಚೈನಿನ ತುಂಡುಗಳನ್ನು ಮತ್ತೆ ಜೋಡಿಸಲು ಕೈ ಚಾಚಿದ್ದ. ಹರಿಣಾಕ್ಷಿ ಬೋಜನ ಮಣಿಕಟ್ಟಿನ ಮೇಲೆ, ವಾಚಿನ ಮೇಲೆಯೇ, ತನ್ನ ಕೈ ಇಟ್ಟು ಬೇಡವೆಂದು ತಲೆಯಾಡಿಸಿದಳು. ಅದು ಅಜ್ಜನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಭೂತಗಾಜು ತೆಗೆದು, ಇಬ್ಬರಿಗೂ ಒಟ್ಟಿಗೆ, ಹಿಂದಿನವುಗಳಿಗಿಂತ ಉದ್ದದ ಒಂದು ನಮಸ್ಕಾರ ಹಾಕಿದ.

ಎರಡು ದಿನದ ಬಳಿಕ ಸೀಬಿನಲ್ಲಿ ಇಳಿದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಬೋಜ ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿ, ತೋಳಿನ ಗುಂಡಿ ಬಿಗಿದಿದ್ದ. ಮನೆಗೆ ಹೋದ ಮೇಲೆ ಮೆಲ್ಲಗೆ ಅಕ್ಕನಿಗೆ ಹೇಳುವುದೆಂದು ವಿಮಾನದಲ್ಲಿ ಮಾತಾಗಿತ್ತು. ಇಸಾಬೆಲ್ಲಾ ಬಾಯಿಗೂ ಅದು ಗೊತ್ತಿತ್ತು. ಅವರ ಕಾಲು ಈಗ ಪೂರ್ತಿ ಗುಣವಾಗಿತ್ತು.

ಹೊರಬಾಗಿಲಲ್ಲೇ ದಮಯಂತಿ ನಿಂತಿದ್ದಳು. ಪ್ರಯಾಣ ಹೇಗಿತ್ತೆಂದೂ ಕೇಳದೆ, ತಂಗಿಯ ಗಲ್ಲ ಹಿಡಿದು, ವಾಚು ತಂದೆಯಾ ಎಂದಳು.

"ತಂದೆ ಅಕ್ಕ."

ದಮಯಂತಿಯ ಮುಖ ಅರಳಿತು. ನೋಡಿದಿರಾ ಎಂಬಂತೆ ಗಂಡನ ಕಡೆ ತಿರುಗಿದಳು. ಮಧ್ಯಾಹ್ನವೇ ಬೊಂಬಾಯಿಗೆ ಫೋನ್ ಮಾಡುವುದೆಂದೂ, ನಿಶ್ಚಯಕ್ಕೆ ದಿನ ಕೇಳುವುದೆಂದೂ ಅಲ್ಲೇ ಲೆಕ್ಕ ಹಾಕತೊಡಗಿದಳು. ಹರಿಣಾಕ್ಷಿ ಅಕ್ಕನ ಅರಳಿದ ಮುಖವನ್ನೇ ನೋಡಿದಳು. ಈ ಸಂತೋಷವನ್ನು ಮುರಿಯುವುದು ಹೇಗೆ? ಮನೆಯವರೆಗೆ ಸುಮ್ಮನಿದ್ದರೆ ಮನೆಯಲ್ಲೂ ಸುಮ್ಮನಾಗಿಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತಿಲ್ಲವೇ...

"ಅಕ್ಕ, ಫೋನ್ ಮಾಡು. ಆದರೆ ಬೇಡ ಅಂತ ಹೇಳು."

ದಮಯಂತಿಯ ಲೆಕ್ಕ ಅರ್ಧಕ್ಕೆ ನಿಂತಿತು.

"ಗಂಡಿಗೆ ವಾಚು ತಾ ಅಂದಿ. ಗಂಡಿಗೇ ತಂದಿದ್ದೇನೆ. ಅವರ ಕೈಯಲ್ಲೇ ಉಂಟು." ಹರಿಣಾಕ್ಷಿ ಅಲ್ಲಿಗೇ ನಿಲ್ಲಿಸಲಿಲ್ಲ. "ನಿನಗೆ ನಾನು ಇದುವರೆಗೆ ಯಾವುದಕ್ಕೂ ಎದುರು ಹೇಳಲಿಲ್ಲ. ಇದೊಂದಕ್ಕೆ ಹೇಳ್ತೇನೆ."

ಬೋಜ ಟ್ರಾಲಿ ಬಿಟ್ಟು ಮುಂದೆ ಬಂದ. ತೋಳಿನ ಗುಂಡಿ ಬಿಚ್ಚಿ, ಕಳ್ಳ ಮಾಲು ಒಪ್ಪಿಸುವವನಂತೆ ಕೈ ಚಾಚಿದ. ದೇಜಪ್ಪ ಬಗ್ಗಿ ನೋಡಿದರು. ಒಳ್ಳೆ ವಾಚು ಎಂದರು. ಹೆಂಡತಿಯ ಕಣ್ಣು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ದಮಯಂತಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ತಾಯಿ ಇದ್ದಾರಾ ಎಂದು ಕೇಳಿದಳು. ಇದ್ದಾರೆಂದ. ಅವರಿಗೆ ಗೊತ್ತುಂಟಾ ಎಂದಳು. ಒಬ್ಬರು ಇದ್ದಾರೆಂದು ಗೊತ್ತುಂಟು, ಹೆಸರು ಹೇಳಲು ಧೈರ್ಯ ಇರಲಿಲ್ಲವೆಂದ. ಆಮೇಲೆ ಅವಳು ತಂಗಿಯ ಕಡೆ ತಿರುಗಿದಳು. ಅಕ್ಕನ ಕಣ್ಣಿನಲ್ಲಿ ನೀರಿತ್ತು.

"ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದೆಯಲ್ಲ ಹರಿಣಿ... ಬೇಡ ಅಂತ ಒಂದು ಮಾತು ಹೇಳಿದ್ದರೆ ನಾನು ನಿನ್ನನ್ನು ತಿಂದುಬಿಡ್ತಿದ್ದೆನಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಂಡನ ಮೇಲೆ ಸಿಡುಕಿದಳು. "ನಿಂತು ನೋಡುವುದೆಂತ? ಕಾರು ತನ್ನಿ. ಇವರನ್ನೂ ಕರೆಯಿರಿ. ಊಟ ಮಾಡಿಕೊಂಡು ಸೊಹಾರಿಗೆ ಹೋಗಲಿ. ಇವರ ಅಮ್ಮನ ಹತ್ತಿರ ನಾನೇ ಮಾತಾಡಬೇಕು."

ದಮಯಂತಿ ಮುಂದೆ ನಡೆದಳು. ದೇಜಪ್ಪ ಕಾರಿನ ಕೀಲಿ ಹುಡುಕುತ್ತ ಹಿಂದೆ ಓಡಿದರು. ಬೋಜ ಮತ್ತು ಹರಿಣಾಕ್ಷಿ ಟ್ರಾಲಿಯ ಎರಡು ಪಕ್ಕದಲ್ಲಿ ಹಾಗೆಯೇ ನಿಂತಿದ್ದರು.

"ಮನೆಗೆ ಹೋಗಿ ಮೆಲ್ಲಗೆ ಹೇಳುವುದು ಅಂತ ಇತ್ತು. ಎಲ್ಲರೆದುರು ಹೇಳ್ತೀರಿ ಅಂತ ನಾನು ಎಣಿಸಲೇ ಇಲ್ಲ," ಎಂದ ಬೋಜ ಮೆತ್ತಗೆ.

"ನಾನೂ ಎಣಿಸಿರಲಿಲ್ಲ."

"ಹೆದರಿಕೆ ಆಗಲಿಲ್ಲವಾ?"

"ಆಯ್ತು. ಈಗಲೂ ಆಗ್ತಾ ಉಂಟು," ಎಂದಳು ಹರಿಣಾಕ್ಷಿ. ಟ್ರಾಲಿಯ ಹಿಡಿಕೆಯ ಮೇಲಿದ್ದ ಅವನ ಕೈಯ ಪಕ್ಕಕ್ಕೆ ತನ್ನ ಕೈ ತಂದಿಟ್ಟಳು. "ಅದಕ್ಕೇ ಹೇಳ್ತೇನೆ, ಹತ್ತಿರವೇ ಇರಿ."